ವರ್ಷ ಮುಗಿಯುವ ಮುಂಚೆ ಒಮ್ಮೆ ಕೂತು ನೋಡು

ಚಿತ್ರದುರ್ಗ
ಡಿಸೆಂಬರ್ 19

ಪ್ರೀತಿಯ ಮಗಳೇ,

ಕರ್ತನ ಕೃಪೆಯಿಂದ ನಾನೂ ನಿನ್ನ ದೊಡ್ಡಪ್ಪನೂ ಚೆನ್ನಾಗಿದ್ದೇವೆ. ಚಳಿ ಜಾಸ್ತಿ. ಜೋಗಿಮಟ್ಟಿ ಕಡೆಯಿಂದ ಗಾಳಿ ಬೀಸಲು ಶುರುವಾದರೆ ಬಿಸಿಲು ಏರುವವರೆಗೂ ಹೊರಗೆ ಕಾಲಿಡಲು ಆಗುವುದಿಲ್ಲ. ನಿಮ್ಮಮ್ಮನಿಗೆ ಕಳಿಸಿದ ಅವರೆಕಾಯಿ ತಲುಪಿತಂತೆ. ಅಷ್ಟು ಸುದ್ದಿ ಸಾಕು, ವಿಷಯಕ್ಕೆ ಬರುತ್ತೇನೆ.

ಭಾನುವಾರ ಫೋನಿನಲ್ಲಿ ನೀನು "ಈ ವರ್ಷ ಒಂದು ಮುಗಿದರೆ ಸಾಕು, ದೊಡ್ಡಮ್ಮ" ಅಂದೆ. 31ರ ರಾತ್ರಿ ಚರ್ಚಿನಲ್ಲಿ ಹೊಸ ವರ್ಷದವರೆಗೆ ಎಚ್ಚರವಿರುವ ವಾಚ್ ನೈಟ್ ಆರಾಧನೆಗೂ ಬರುವುದಿಲ್ಲ, ಎಲ್ಲರೂ ಎದ್ದು ನಿಂತು ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳುವಾಗ ನನಗೆ ಹೇಳಲು ಏನೂ ಇಲ್ಲ ಅಂದೆ. ಇಂಥ ಮಾತಿಗೆ ಅವಸರದಲ್ಲಿ ಉತ್ತರ ಕೊಡಬಾರದು. ಅದಕ್ಕೇ ಈ ಪತ್ರ.

ಈ ವರ್ಷ ನಿನಗೆ ಕಷ್ಟದ್ದಾಗಿತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. ಜೂನ್‌ನಲ್ಲಿ ಕೆಲಸ ಹೋಯಿತು. ಇನ್ನೊಂದು ಸಿಕ್ಕಿತು, ಆದರೆ ಸಂಬಳ ಕಡಿಮೆ. ಆಗಸ್ಟ್‌ನಲ್ಲಿ ಅಜ್ಜಿ ತೀರಿಕೊಂಡು ಕರ್ತನಲ್ಲಿ ನಿದ್ರೆಹೋದರು. ನಿನಗೆ ಅಜ್ಜಿ, ನನಗೆ ಅಮ್ಮ. ಹಾಗಾಗಿ "ಎಲ್ಲ ಒಳ್ಳೆಯದಕ್ಕೇ ಆಗಿದ್ದು" ಅಂತ ಹೇಳಿ ನಿನ್ನ ಬಾಯಿ ಮುಚ್ಚಿಸಲು ನಾನು ಬರೆಯುತ್ತಿಲ್ಲ. ನಮ್ಮ ಸತ್ಯವೇದ, ಬೈಬಲ್ ಕೂಡ ಹಾಗೆ ಬಾಯಿ ಮುಚ್ಚಿಸುವುದಿಲ್ಲ.

ಹಬಕ್ಕೂಕನ ಪುಸ್ತಕದ ಮೂರನೇ ಅಧ್ಯಾಯ ತೆಗೆದು ಕೊನೆಯ ವಚನಗಳನ್ನು ಓದು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿಬಳ್ಳಿ ಹಣ್ಣು ಬಿಡದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲದಲ್ಲಿ ಕಾಳಿಲ್ಲದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದೆಹೋದರೂ ಅಂತ ಪ್ರವಾದಿ ಆರು ನಷ್ಟಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುತ್ತಾನೆ. ಒಂದನ್ನೂ ಹಾರಿಸುವುದಿಲ್ಲ. ಅಷ್ಟೆಲ್ಲ ಹೇಳಿದ ಮೇಲೆಯೇ ಆದರೂ ನಾನು ನನ್ನ ದೇವರಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ಬಯಲುಸೀಮೆಯ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಜಿಲ್ಲೆಗೆ ಬರ ಅಂತ ಘೋಷಣೆಯಾಯಿತಲ್ಲ, ಆ ವರ್ಷದ ಸುಗ್ಗಿ ಹಬ್ಬದ ಆರಾಧನೆಗೆ ನೀನು ಬಂದಿರಲಿಲ್ಲ. ಹಿಂದಿನ ವರ್ಷ ಚೀಲದಲ್ಲಿ ಶೇಂಗಾ ತಂದಿದ್ದವರು ಆ ಸಲ ಸೇರಿನ ಲೆಕ್ಕದಲ್ಲಿ ತಂದಿದ್ದರು. ಮಳೆ ಚೆನ್ನಾಗಿ ಬಂತು ಅಂತ ಯಾರೂ ನಟಿಸಲಿಲ್ಲ. ಆಲ್ಟರ್ ಮುಂದೆ ಇಟ್ಟು, ಇಷ್ಟೇ ಬಂತು ಕರ್ತನೇ, ಅಂದರು. ನನ್ನ ಪ್ರಕಾರ ಅದು ದೊಡ್ಡ ಸಾಕ್ಷಿ.

ಅದಕ್ಕೇ ಹೇಳುತ್ತೇನೆ, ನಿನ್ನ ಹತ್ತಿರ ಹೇಳಲು ಏನೂ ಇಲ್ಲ ಅನ್ನುವುದು ಸರಿಯಲ್ಲ. ನೀನು ಈ ವರ್ಷವನ್ನು ಇನ್ನೂ ಸರಿಯಾಗಿ ನೋಡಿಲ್ಲ. ದಾಟಿಬಿಡಬೇಕು ಅನ್ನುವ ಅವಸರದಲ್ಲಿದ್ದೀಯ.

ಜನವರಿ 1 ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಬರೀ ಕ್ಯಾಲೆಂಡರ್ ಬದಲಾಗುವ ದಿನವಲ್ಲ. ಕ್ರಿಸ್ಮಸ್‌ನಿಂದ ಎಣಿಸಿದರೆ ಅದು ಎಂಟನೇ ದಿನ. ಮಗುವಿಗೆ ಸುನ್ನತಿ ಮಾಡಿಸಿ ಯೇಸು ಅಂತ ಹೆಸರಿಟ್ಟ ದಿನ. ಆ ದಿನ ಓದುವ ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಒಂದು ಸಣ್ಣ ವಚನವಿದೆ, ಹತ್ತೊಂಬತ್ತನೆಯದು. ಕುರುಬರು ಓಡಿ ಬಂದರು, ನೋಡಿದರು, ಊರಿಗೆಲ್ಲ ಹೇಳಿದರು, ಕೇಳಿದವರೆಲ್ಲ ಆಶ್ಚರ್ಯಪಟ್ಟರು. ಮಗುವಿನ ತಾಯಿ ಮರಿಯಳು ಮಾತ್ರ ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಿದ್ದಳು ಅಂತ ಲೂಕ ಬರೆಯುತ್ತಾನೆ. ಅವಳು ಮನಸ್ಸಿನಲ್ಲಿಟ್ಟುಕೊಂಡದ್ದರಲ್ಲಿ ಏನೇನಿತ್ತು ಅಂತ ಯೋಚಿಸು. ದೇವದೂತರ ಸುದ್ದಿ ಇತ್ತು. ತುಂಬು ಬಸುರಿಯಾಗಿ ಬೇರೆ ಊರಿಗೆ ನಡೆದ ದಾರಿ ಇತ್ತು. ಜಾಗವಿಲ್ಲ ಅನ್ನಿಸಿಕೊಂಡದ್ದೂ, ಮಗುವನ್ನು ಗೋದಲಿಯಲ್ಲಿ ಮಲಗಿಸಿದ್ದೂ ಇತ್ತು. ಒಳ್ಳೆಯದನ್ನು ಆರಿಸಿಕೊಂಡು ಉಳಿದದ್ದನ್ನು ಅವಳು ಬಿಸಾಡಲಿಲ್ಲ. ಎಲ್ಲವನ್ನೂ ಇಟ್ಟುಕೊಂಡಳು. ಹೊಸ ವರ್ಷಕ್ಕೆ ಕಾಲಿಡುವ ಕ್ರೈಸ್ತಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನೀನು ಮೊಬೈಲಿನಲ್ಲಿ ಮೈಂಡ್‌ಫುಲ್‌ನೆಸ್ ಆ್ಯಪ್ ಹಾಕಿಕೊಂಡಿದ್ದೀಯ, ನಾವು ಅದನ್ನು ಮಾಡಬಹುದಾ ಅಂತ ಹಿಂದೆ ಕೇಳಿದ್ದೆ. ಅದರ ಬೇರು ಬೌದ್ಧರ ಧ್ಯಾನದಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಅದನ್ನು ಧರ್ಮದ ಮಾತಿಲ್ಲದೆ ರೋಗಿಗಳಿಗೆ ಕಲಿಸಲು ಶುರುಮಾಡಿದರು. ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಬೌದ್ಧರ ಬಗ್ಗೆ ಹಗುರವಾಗಿ ಮಾತಾಡುವುದು ನನಗೆ ಇಷ್ಟವಿಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲೇ ಅಶೋಕನ ಶಾಸನವಿದೆ. ಉಸಿರಿನ ಮೇಲೆ ಗಮನ ಇಟ್ಟು ಮನಸ್ಸನ್ನು ಸುಮ್ಮನಾಗಿಸುವುದರಲ್ಲಿ ಪಾಪವೇನೂ ಇಲ್ಲ. ಉಸಿರು ಕೊಟ್ಟವನೂ ದೇವರೇ.

ಆದರೆ ನಮ್ಮ ಗಮನ ಉಸಿರಿನ ಹತ್ತಿರವೇ ನಿಲ್ಲುವುದಿಲ್ಲ. ಅಲ್ಲಿ ನಮ್ಮ ಜೊತೆ ಒಬ್ಬನಿದ್ದಾನೆ. ಇದು ನಮ್ಮವರಿಗೂ ಹಳೆಯ ಅಭ್ಯಾಸವೇ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಕ್ರೈಸ್ತ ಸನ್ಯಾಸಿಗಳು ಒಂದೇ ಚಿಕ್ಕ ಪ್ರಾರ್ಥನೆಯನ್ನು ಕೆಲಸ ಮಾಡುತ್ತಾ ಮತ್ತೆ ಮತ್ತೆ ಹೇಳುತ್ತಿದ್ದರು. ಪೂರ್ವದ ಸಭೆಗಳಲ್ಲಿ ಇವತ್ತಿಗೂ "ಕರ್ತನಾದ ಯೇಸುವೇ, ನನ್ನನ್ನು ಕರುಣಿಸು" ಅಂತ ಉಸಿರಿನ ಜೊತೆ ಹೇಳುತ್ತಾರೆ. ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ಇದ್ದರು. ಪ್ರಾರ್ಥನೆಯ ಹೊತ್ತು, ಪಾತ್ರೆಗಳ ಗದ್ದಲದ ಹೊತ್ತು ಅಂತ ಅವರು ಬೇರೆ ಬೇರೆ ಮಾಡಲಿಲ್ಲ. ಎರಡರಲ್ಲೂ ದೇವರು ಹತ್ತಿರವೇ ಇದ್ದಾನೆ ಅಂತ ಬದುಕಿದರು. ಆ್ಯಪ್ ನಿನ್ನ ಮನಸ್ಸನ್ನು ತಣ್ಣಗೆ ಮಾಡಬಹುದು, ಮಾಡಲಿ. ಆದರೆ ಸ್ತೋತ್ರ ಹೇಳಲು ಎದುರಿಗೆ ಒಬ್ಬರು ಬೇಕು, ಅಲ್ವಾ? ಯಾರಿಗೂ ಹೇಳದ ಕೃತಜ್ಞತೆ ನಾಲ್ಕು ದಿನಕ್ಕೆ ಒಣಗಿಹೋಗುತ್ತದೆ.

ಹಾಗಾದರೆ ಹೇಗೆ ನೋಡಬೇಕು? ಹರಿಹರದಲ್ಲಿ ನನಗೊಬ್ಬ ಕಥೋಲಿಕ ಗೆಳತಿ ಇದ್ದಾಳೆ, ಆರೋಗ್ಯಮಾತೆ ದೇವಾಲಯಕ್ಕೆ ತಪ್ಪದೆ ಹೋಗುವವಳು. ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟ ಕ್ರಮವನ್ನು ಅವಳಿಂದ ಕಲಿತೆ. ಇಗ್ನೇಷಿಯಸ್ ಮೊದಲು ಸೈನಿಕ. 1521ರ ಯುದ್ಧದಲ್ಲಿ ಫಿರಂಗಿ ಗುಂಡು ತಾಗಿ ಕಾಲು ಮುರಿದು, ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ತನ್ನ ಮನಸ್ಸಿನೊಳಗೆ ಏನು ನಡೆಯುತ್ತಿದೆ ಅಂತ ಗಮನಿಸಲು ಕಲಿತವನು. ದಿನದ ಕೊನೆಗೆ ಆ ದಿನವನ್ನು ದೇವರ ಜೊತೆ ಹಿಂತಿರುಗಿ ನೋಡಬೇಕು ಅನ್ನುತ್ತಾನೆ. ಮೊದಲು ಪಡೆದದ್ದಕ್ಕೆ ವಂದನೆ. ಆಮೇಲೆ ಬೆಳಕಿಗಾಗಿ ಬೇಡಿಕೆ. ಅದಾದ ಮೇಲೆ ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತೀರ್ಮಾನ. ವಂದನೆ ಮೊದಲು ಬರುವುದೇ ಇದರ ಜೀವಾಳ. ತಪ್ಪುಗಳಿಂದ ಶುರುಮಾಡಿದವರು ತಮ್ಮನ್ನು ತಾವೇ ಬೈದುಕೊಂಡು ಮಲಗುತ್ತಾರೆ. ತೀರ್ಮಾನಗಳಿಂದ ಶುರುಮಾಡಿದವರು ಜಿಮ್, ಉಳಿತಾಯ, ಹೊಸ ಕೋರ್ಸ್ ಅಂತ ಪಟ್ಟಿ ಬರೆದು ಸುಸ್ತಾಗುತ್ತಾರೆ. ಪಡೆದದ್ದನ್ನು ಮೊದಲು ನೋಡಿದವರಿಗೆ ತಪ್ಪನ್ನೂ ಹೆದರದೆ ನೋಡುವ ಧೈರ್ಯ ಬರುತ್ತದೆ.

ಇದನ್ನು ಇಡೀ ವರ್ಷಕ್ಕೆ ಮಾಡು. ಒಂದು ಸಂಜೆ ಸಾಕು. ಫೋನನ್ನು ಬೇರೆ ಕೋಣೆಯಲ್ಲಿಡು. ಈ ವರ್ಷದ ಕ್ಯಾಲೆಂಡರ್ ತೆಗೆದುಕೋ, ಜನವರಿಯಿಂದ ಒಂದೊಂದೇ ತಿಂಗಳು ತಿರುವು. ಬಾಯಿಬಿಟ್ಟೇ ಮಾತಾಡು, ಕರ್ತನ ಜೊತೆ. ವರ್ಷ ಒಳ್ಳೆಯದಿತ್ತಾ ಕೆಟ್ಟದಿತ್ತಾ ಅಂತ ಒಟ್ಟಿಗೆ ತೂಗಬೇಡ. ಅಂಥ ತೂಕದಲ್ಲಿ ದೊಡ್ಡ ದುಃಖವೇ ಯಾವಾಗಲೂ ಗೆಲ್ಲುತ್ತದೆ. ಜನರ ಹೆಸರು ಬರೆ. ಕೆಲಸ ಹೋದಾಗ ನಿನ್ನ ರೂಮ್‌ಮೇಟ್ ಬಾಡಿಗೆಯ ಮಾತೇ ಎತ್ತಲಿಲ್ಲ ಅಂತ ನೀನೇ ಹೇಳಿದ್ದೆ. ಅವಳ ಹೆಸರು ಬರೆ. ಅಜ್ಜಿ ಊಟ ಬಿಟ್ಟಾಗ ಎದುರು ಮನೆಯ ಅಕ್ಕ ದಿನಾ ರಾಗಿ ಗಂಜಿ ಮಾಡಿ ತಂದರು. ಅವರು ನಮ್ಮ ಸಭೆಯವರಲ್ಲ, ನಮ್ಮ ಜಾತಿಯವರೂ ಅಲ್ಲ. ನೀನು ಬಂದು ಇದ್ದ ಆ ವಾರ ಅಜ್ಜಿ ನಿನ್ನ ಕೈ ಹಿಡಿದು ಕೀರ್ತನೆ ಹಾಡಿಸಿದರು. ಕೆಲಸ ಇದ್ದಿದ್ದರೆ ಅಷ್ಟು ದಿನ ರಜೆ ಸಿಗುತ್ತಿರಲಿಲ್ಲ. ಅದಕ್ಕೇ ದೇವರು ಕೆಲಸ ಕಿತ್ತುಕೊಂಡ ಅಂತ ನಾನು ಹೇಳುವುದಿಲ್ಲ, ಅದು ನನಗೆ ತಿಳಿಯದ ವಿಷಯ. ಆ ವಾರ ಸಿಕ್ಕಿತು ಅನ್ನುವುದು ಮಾತ್ರ ಗೊತ್ತು. ಅದನ್ನು ಬರೆ. ಕೆಲಸ ಹೋದದ್ದನ್ನೂ ಅದರ ಪಕ್ಕದಲ್ಲೇ, ಇದ್ದ ಹಾಗೇ ಬರೆ.

ಒಂದು ಎಚ್ಚರಿಕೆ. ನಮಗಿಂತ ಕಷ್ಟದಲ್ಲಿರುವವರನ್ನು ನೋಡಿ ಸಮಾಧಾನ ಮಾಡಿಕೋ ಅಂತ ನಿನಗೆ ಜನ ಹೇಳುತ್ತಾರೆ. ಕೇಳಬೇಡ. ಲೂಕನ ಹದಿನೆಂಟನೇ ಅಧ್ಯಾಯದ ಫರಿಸಾಯನೂ, ಅಂದರೆ ಧರ್ಮನಿಷ್ಠೆಗೆ ಹೆಸರಾದ ಯೆಹೂದಿ ಪಂಗಡದವನೂ, ದೇವರಿಗೆ ವಂದನೆ ಹೇಳಿಯೇ ಪ್ರಾರ್ಥನೆ ಶುರುಮಾಡಿದ. ನಾನು ಉಳಿದವರ ಹಾಗೆ ಇಲ್ಲವಲ್ಲ ಅನ್ನುವುದೇ ಅವನ ವಂದನೆ. ಯೇಸು ಅದನ್ನು ಮೆಚ್ಚಲಿಲ್ಲ. ಬೇರೆಯವರ ಕೊರತೆಯ ಮೇಲೆ ನಿಲ್ಲುವ ಕೃತಜ್ಞತೆ ನಮಗೆ ಬೇಡ.

ಇನ್ನೊಂದು, ತುಂಬಿ ಕೋಡಿ ಬೀಳುವುದನ್ನೇ ಕಾಯಬೇಡ. ನಮ್ಮ ಮಾರಿಕಣಿವೆ ಅಣೆಕಟ್ಟನ್ನು ನೋಡು. ಆ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆಗ ನೋಡಲು ಜಾತ್ರೆಯೇ ಸೇರಿತು, ನಾವೂ ಹೋಗಿದ್ದೆವು. ಆದರೆ ಆ 89 ವರ್ಷವೂ ಹಿರಿಯೂರು ಸುತ್ತಿನ ತೆಂಗು, ಅಡಿಕೆ ಆ ನೀರನ್ನೇ ನೆಚ್ಚಿಕೊಂಡಿದ್ದವು. ನೀರು ತೀರಾ ತಳಕ್ಕೆ ಇಳಿದ ವರ್ಷಗಳೂ ಇದ್ದವು. ಕೋಡಿಯನ್ನು ಒಮ್ಮೆಯೂ ನೋಡದೆ, ಅದೇ ನೀರಿನಲ್ಲಿ ಬೆಳೆದ ತೆಂಗಿನಕಾಯಿ ಮಾರಿ ಮಕ್ಕಳನ್ನು ಓದಿಸಿದವರು ಎಷ್ಟೋ ಜನ. ಸಾಕ್ಷಿ ಹೇಳುವಾಗ ನಾವು ಕೋಡಿ ಬಿದ್ದ ಸುದ್ದಿಯನ್ನಷ್ಟೇ ಹೇಳುತ್ತೇವೆ, ಪ್ರಮೋಷನ್, ಸೈಟು, ಮದುವೆ. ನಾಲೆಯಲ್ಲಿ ಹರಿದ ನೀರನ್ನು ಯಾರೂ ಹೇಳುವುದಿಲ್ಲ. ನೀನು ಅದನ್ನು ಹೇಳು.

ವಾಚ್ ನೈಟ್ ಆರಾಧನೆ ಚೆನ್ನಾಗಿ ಬದುಕಿದವರ ಮೆರವಣಿಗೆ ಅಂತ ನೀನು ತಿಳಿದಿದ್ದೀಯ. ಅದರ ಕತೆ ಬೇರೆ. ಜರ್ಮನಿಯ ಮೊರೇವಿಯನ್ ಸಭೆಯವರು 1733ರ ಕೊನೆಯ ರಾತ್ರಿ ಎಚ್ಚರವಿದ್ದು ಪ್ರಾರ್ಥಿಸಿದರು. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಅದನ್ನು ತಮ್ಮ ಜನರಲ್ಲಿ, ಅಂದರೆ ಮೆಥಡಿಸ್ಟರಲ್ಲಿ, ಬೆಳೆಸಿದರು. 1755ರಲ್ಲಿ, ದೇವರಿಗೆ ಕೊಟ್ಟ ಮಾತನ್ನು ಹೊಸದು ಮಾಡುವ ಒಡಂಬಡಿಕೆಯ ಆರಾಧನೆಯನ್ನೂ ಶುರುಮಾಡಿದರು. ಅವರ ವೆಸ್ಲಿಯನ್ ಮಿಷನ್ನೇ ಹಳೇ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು. 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರು, ಆಂಗ್ಲಿಕನ್ನರು, ಇತರ ಸಭೆಗಳವರು ಸೇರಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಆಯಿತು. ಮೆಥಡಿಸ್ಟರು ವರ್ಷದ ಮೊದಲಲ್ಲಿ ಹೇಳುವ ಒಡಂಬಡಿಕೆಯ ಪ್ರಾರ್ಥನೆಯಲ್ಲಿ ಒಂದು ಮಾತು ಬರುತ್ತದೆ. ನನ್ನನ್ನು ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿಟ್ಟರೂ ಸರಿ, ತುಂಬಿಸಿದರೂ ಸರಿ, ಬರಿದು ಮಾಡಿದರೂ ಸರಿ, ನಾನು ನಿನ್ನವಳು ಅನ್ನುವ ಅರ್ಥ. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತವರಿಗೂ ಆ ಪ್ರಾರ್ಥನೆಯಲ್ಲಿ ಜಾಗವಿದೆ ನೋಡು. ಅಮೆರಿಕದಲ್ಲಿ 1862ರ ಡಿಸೆಂಬರ್ 31ರ ರಾತ್ರಿ ಕಪ್ಪು ಜನರು ಹೀಗೇ ಚರ್ಚುಗಳಲ್ಲಿ ಕಾದು ಕೂತಿದ್ದರು. ಗುಲಾಮರ ಬಿಡುಗಡೆಗೆ ಅಧ್ಯಕ್ಷ ಲಿಂಕನ್ ಹೇಳಿದ್ದ ಘೋಷಣೆ ಮರುದಿನ ಜಾರಿಗೆ ಬರಬೇಕಿತ್ತು. ನಿಜವಾಗಿ ಬರುತ್ತದಾ ಇಲ್ಲವಾ ಅನ್ನುವ ಭಯದಲ್ಲೇ ಸ್ತೋತ್ರ ಹಾಡಿದರು. ಆ ರಾತ್ರಿಯ ಆರಾಧನೆ ಇಂಥವರದ್ದು, ಮಗಳೇ.

ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ಕೊಡುತ್ತಾರೆ, ತೆಗೆದುಕೋ. ಆದರೆ ಅದನ್ನು ವರ್ಷಭವಿಷ್ಯದ ಹಾಗೆ ಓದಬೇಡ. ಬರುವ ವರ್ಷ ಎರಡು ಪಟ್ಟು ಸಿಗುತ್ತದೆ ಅಂತ ಯಾರಾದರೂ ಮೈಕಿನಲ್ಲಿ ಕೂಗಿದರೆ ಅದಕ್ಕೂ ಜಾಸ್ತಿ ಕಿವಿಗೊಡಬೇಡ. ದೇವರು ಅರಣ್ಯದಲ್ಲಿ ಇಸ್ರಾಯೇಲ್ ಜನರಿಗೆ ಕೊಟ್ಟ ಮನ್ನ ಎಂಬ ಆಹಾರ ಆಯಾ ದಿನಕ್ಕೆ ಸಾಕಾಗುವಷ್ಟು. ನಾಳೆಗೆ ಎತ್ತಿಟ್ಟದ್ದು ಹುಳ ಬಿತ್ತು. ಹಾಗಾಗಿ ಜನವರಿಯಿಂದ ದೊಡ್ಡ ತೀರ್ಮಾನ ಏನೂ ಮಾಡಬೇಡ. ರಾತ್ರಿ ಮಲಗುವ ಮುಂಚೆ ಐದು ನಿಮಿಷ ಆ ದಿನವನ್ನು ಕರ್ತನ ಜೊತೆ ನೋಡು. ಯಾರಿಗಾದರೂ ವಂದನೆ ಬಾಕಿಯಿದ್ದರೆ ಮರುದಿನ ಬೆಳಿಗ್ಗೆಯೇ ಹೇಳಿ ತೀರಿಸು. ಎದುರು ಮನೆಯ ಅಕ್ಕನಿಗೆ ನೀನು ಇನ್ನೂ ಫೋನ್ ಮಾಡಿಲ್ಲ. ಈ ವಾರವೇ ಮಾಡು, ಅವರು ನಿನ್ನನ್ನು ಕೇಳುತ್ತಲೇ ಇರುತ್ತಾರೆ.

31ರಂದು ಬರುವುದಾದರೆ ಮಧ್ಯಾಹ್ನವೇ ಬೆಂಗಳೂರು ಬಿಡು, ಸಂಜೆಯ ಮೇಲೆ ಬಸ್ಸು ತುಂಬಾ ರಶ್ ಇರುತ್ತದೆ. ಸಾಕ್ಷಿ ಹೇಳಲೇಬೇಕು ಅಂತೇನಿಲ್ಲ. 1ನೇ ತಾರೀಖಿನ ಬೆಳಗಿನ ಆರಾಧನೆಯಲ್ಲಿ ಲೂಕನ ಆ ಭಾಗವನ್ನು ನೀನು ಓದಬೇಕು ಅಂತ ನನ್ನ ಆಸೆ. ಪಾದ್ರಿ ಅಯ್ಯನವರಿಗೆ ಓದುವವರ ಹೆಸರು ಮೊದಲೇ ಕೊಡಬೇಕು. ಕ್ರಿಸ್ಮಸ್‌ನೊಳಗೆ ತಿಳಿಸು.

ಕರ್ತನು ನಿನ್ನನ್ನು ಕಾಪಾಡಲಿ.

ನಿನ್ನ ಪ್ರೀತಿಯ,
ದೊಡ್ಡಮ್ಮ