ಅಜಾಗರೂಕತೆಯೋ, ಅರಿತೇ ಮಾಡಿದ್ದೋ?

ಕುಡಿದು ವಾಹನ ಚಲಾಯಿಸಿ ಜೀವ ತೆಗೆದ ಪ್ರಕರಣಗಳನ್ನು ಬರೀ ‘ಅಜಾಗರೂಕತೆಯಿಂದಾದ ಸಾವು’ ಎಂದು ದಾಖಲಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಅಪರಾಧದ ತೂಕವನ್ನು ಕೃತ್ಯದ ಜೊತೆಗೆ ಅದನ್ನು ಎಸಗಿದವನ ಮನಃಸ್ಥಿತಿಯೂ ನಿರ್ಧರಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106(1)ರ ಪ್ರಕಾರ ಅಜಾಗರೂಕತೆಗೆ ಗರಿಷ್ಠ 5 ವರ್ಷ ಸಜೆ. ಸಾವು ಸಂಭವಿಸಬಹುದೆಂದು ಅರಿತೂ ಎಸಗಿದ ಕೃತ್ಯಕ್ಕೆ ಸೆಕ್ಷನ್ 105ರಡಿ 10 ವರ್ಷದವರೆಗೆ. ಮುಂಬೈನಲ್ಲಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ 7 ಕಾರ್ಮಿಕರು ಕಾರಿಗೆ ಬಲಿಯಾದ ಪ್ರಕರಣದಲ್ಲಿ, ಚಾಲಕನಿಗೆ ಇಂಥ ಅರಿವಿತ್ತೆಂಬ ತೀರ್ಮಾನವನ್ನು ಸುಪ್ರೀಂ ಕೋರ್ಟ್ 2012ರಲ್ಲೇ ಎತ್ತಿಹಿಡಿದಿದೆ. ಕುಡಿದವನಿಗೆ ಪ್ರಜ್ಞೆ ಇರಲಿಲ್ಲ ಎಂಬ ವಾದವನ್ನು ನಾನಂತೂ ಒಪ್ಪಲಾರೆ. ಮೊದಲ ಲೋಟ ಎತ್ತುವಾಗ ವಾಹನದ ಕೀಲಿ ಅವನ ಜೇಬಿನಲ್ಲೇ ಇತ್ತಲ್ಲವೇ? ಆದರೆ ಅರಿವನ್ನು ಸಾಬೀತುಪಡಿಸಲು ಸಾಕ್ಷ್ಯ ಬೇಕು. ರಕ್ತಪರೀಕ್ಷೆ ತಡವಾಗದಂತೆ, ಸಿಸಿಟಿವಿ ದೃಶ್ಯಗಳನ್ನು ಮೊದಲ ದಿನವೇ ವಶಪಡಿಸಿಕೊಳ್ಳುವಂತೆ ಗೃಹ ಇಲಾಖೆ ಎಲ್ಲ ಠಾಣೆಗಳಿಗೆ ಸುತ್ತೋಲೆ ಹೊರಡಿಸಲಿ.