ಎಕ್ಸೆಲ್‌ಗೆ ಇಳಿಸುವ ಮುನ್ನ

ಮಾನ್ಯರೇ,

ಕೊಡಗಿನ ಹೋಂಸ್ಟೇಗಳಲ್ಲಿ ಆನ್‌ಲೈನ್ ಬುಕಿಂಗ್ ವಿವರಗಳನ್ನು ಸಿಎಸ್‌ವಿ ಕಡತವಾಗಿ (ಸೆಲ್‌ಗಳನ್ನು, ಅಂದರೆ ಚೌಕಗಳನ್ನು, ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ) ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯುವುದು ರೂಢಿ. ಹೆಸರಿನ ಜಾಗದಲ್ಲಿ ಯಾರಾದರೂ =, +, -, @ ಚಿಹ್ನೆಯಿಂದ ಶುರುವಾಗುವ ಸೂತ್ರ ತುಂಬಿದ್ದರೆ ಎಕ್ಸೆಲ್ ಅದನ್ನು ಬರಹವೆಂದು ಬಿಡದೆ ಚಲಾಯಿಸಲು ಹೊರಡುತ್ತದೆ. ಸೆಲ್‌ನಲ್ಲಿ ಕೊಂಡಿ ಮೂಡಿಸುವ ಹೈಪರ್‌ಲಿಂಕ್ ಸೂತ್ರವೊಂದೇ ಸಾಕು: ಕ್ಲಿಕ್ ಮಾಡಿದರೆ ಪಕ್ಕದ ಸೆಲ್‌ನಲ್ಲಿರುವ ಅತಿಥಿಯ ಆಧಾರ್ ಸಂಖ್ಯೆ ಹೊರಗಿನ ಸರ್ವರ್‌ಗೆ ಹೋಗಬಹುದು.

ತಂತ್ರಾಂಶ ಬರೆಯುವವರು ಕಡತ ಸಿದ್ಧಪಡಿಸುವಾಗಲೇ ಇಂಥ ಸೆಲ್‌ಗಳ ಮೊದಲಿಗೆ ' ಚಿಹ್ನೆ ಸೇರಿಸಬೇಕು; ಆಗ ಎಕ್ಸೆಲ್ ಅದನ್ನು ಬರೀ ಬರಹವೆಂದು ಬಿಡುತ್ತದೆ. ಸೆಲ್ ಟ್ಯಾಬ್ ಕೀಲಿಯ ಖಾಲಿ ಜಾಗದಿಂದ ಶುರುವಾದರೂ ಅಷ್ಟೇ. ಪ್ರತಿ ಸೆಲ್ಲನ್ನೂ " ಚಿಹ್ನೆಗಳ ನಡುವೆ ಇಟ್ಟು, ಒಳಗೆ ಬರುವ " ಅನ್ನು ಎರಡೆರಡು ಬಾರಿ ಬರೆಯಬೇಕು. ಇಲ್ಲದಿದ್ದರೆ ಅಲ್ಪವಿರಾಮ ಹಾಕಿ ಹೊಸ ಸೆಲ್ ತೆರೆದು ಸೂತ್ರ ನುಸುಳಿಸಬಹುದು. +91 ಮೊಬೈಲ್ ಸಂಖ್ಯೆಗೂ ' ಅಂಟಿಕೊಳ್ಳುತ್ತದೆ, ನಿಜ. ಅದಕ್ಕಾಗಿ ಕಾವಲನ್ನೇ ತೆಗೆಯಬೇಡಿ. + ನಂತರ ಬರೀ ಅಂಕಿಗಳಿದ್ದರೆ ಮಾತ್ರ ವಿನಾಯಿತಿ ಕೊಡಿ. ಕಡತ ತೆರೆಯುವವರು ಎಚ್ಚರಿಕೆ ಬಂದಾಗ ಓದದೆ ‘ಎನೇಬಲ್’ ಒತ್ತಲೇಬಾರದು.

— ತಂತ್ರಾಂಶ ಪರೀಕ್ಷಕ, ಮಡಿಕೇರಿ