ಬೆಟ್ಟದ ಹುಲ್ಲಿಗೆ ಬೀಜದುಂಡೆ ಬೇಡ

ಮಾನ್ಯ ಸಂಪಾದಕರೇ,

ಮುಂಗಾರು ಬಂತೆಂದರೆ ‘ಬೋಳುಗುಡ್ಡ ಹಸಿರಾಗಿಸೋಣ’ ಎಂದು ಶಾಲಾ ಮಕ್ಕಳೂ ಚಾರಣಿಗರೂ ಬೀಜದುಂಡೆ ಹಿಡಿದು ಬೆಟ್ಟ ಹತ್ತುತ್ತಾರೆ. ಉತ್ಸಾಹ ಒಳ್ಳೆಯದೇ, ಜಾಗ ತಪ್ಪು. ಕುದುರೆಮುಖ, ಬ್ರಹ್ಮಗಿರಿಯ ನೆತ್ತಿಯಲ್ಲಿ ಕಾಣುವ ಹುಲ್ಲು ಮರ ಕಡಿದು ಉಳಿದ ಬಯಲಲ್ಲ, ಕಣಿವೆಯ ಶೋಲಾ ಎಂಬ ಗಿಡ್ಡ ಮರಗಳ ನಿತ್ಯಹಸಿರು ಕಾಡಿನಷ್ಟೇ ಹಳೆಯದು. ಅಲ್ಲಿ ಮರ ಎಬ್ಬಿಸಿದರೆ ಏನಾಗುತ್ತದೆಂದು ತಿಳಿಯಲು ನೀಲಗಿರಿ ತಾರ್ ಎಂಬ, ಮೇಕೆಯಂಥ ಕಾಡುಪ್ರಾಣಿಯ ಪಾಡು ನೋಡಿದರೆ ಸಾಕು.

ತಮಿಳುನಾಡು, ಕೇರಳದ ಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಕಾಡಿನಲ್ಲಿ ಉಳಿದಿಲ್ಲ. ಸುಮಾರು 1,200ರಿಂದ 2,600 ಮೀಟರ್ ಎತ್ತರದಲ್ಲಿ, ಕಡಿದಾದ ಬಂಡೆಗೆ ತಾಗಿದ ಹುಲ್ಲಿನಲ್ಲಿ ಮೇಯುತ್ತದೆ. ಗೊರಸಿನ ಅಂಚು ಗಡುಸು, ಒಳಭಾಗ ಮೆತ್ತಗೆ. ಹಾಗಾಗಿ ಬೆರಳಗಲದ ಬಂಡೆಯಂಚಿನ ಮೇಲೂ ಜಾರದೆ ನಿಲ್ಲುತ್ತದೆ. ಚಿರತೆ, ಸೀಳುನಾಯಿಗಳಿಂದ ಪಾರಾಗಲು ಅದಕ್ಕಿರುವ ದಾರಿ ಎರಡೇ: ಶತ್ರುವನ್ನು ದೂರದಿಂದಲೇ ಕಾಣುವುದು, ಬಂಡೆಗೆ ಓಡುವುದು. ಹುಲ್ಲಿನ ನಡುವೆ ವ್ಯಾಟಲ್ ಎಂಬ ಹೊರದೇಶದ ಮರ ಎದ್ದರೆ ಮೊದಲನೆಯದು ಕೈತಪ್ಪುತ್ತದೆ. ನೆರಳಿಗೆ ಹುಲ್ಲೂ ಸಾಯುತ್ತದೆ. ನಡುವಿನ ತೋಪು ದಾಟಲಾಗದೆ ಹಿಂಡುಗಳು ಅಲ್ಲಲ್ಲೇ ಸಿಕ್ಕಿಬೀಳುತ್ತವೆ.

ವ್ಯಾಟಲ್, ಚರ್ಮ ಹದ ಮಾಡುವ ತೊಗಟೆಗೂ ಸೌದೆಗೂ ಎಂದು ನೆಟ್ಟ ಮರ. ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ 1973ರಿಂದ 2014ರೊಳಗೆ ಹುಲ್ಲುಗಾವಲಿನ ಸುಮಾರು ಮೂರನೇ ಎರಡು ಪಾಲು ನೆಡುತೋಪುಗಳಿಗೆ, ಕೃಷಿಗೆ ಹೋಗಿದೆ. ವಾಪಸ್ ಪಡೆಯುವುದು ಸುಲಭವಲ್ಲ. ವ್ಯಾಟಲ್ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ಬೆಂಕಿ ಬಿದ್ದರೆ, ಇಲ್ಲವೇ ಮರ ಕಡಿದು ನೆಲಕ್ಕೆ ಬಿಸಿಲು ಬಿದ್ದರೆ ಒಟ್ಟಿಗೇ ಮೊಳೆಯುತ್ತದೆ. ಇಡೀ ತೋಪನ್ನು ಒಂದೇ ಬಾರಿ ಕಡಿದು ಕೈತೊಳೆದುಕೊಂಡ ಕಡೆಗಳಲ್ಲಿ ಮೊದಲಿಗಿಂತ ದಟ್ಟವಾಗಿ ಅದೇ ಬರುವುದು ಇದರಿಂದ. ತುಂಡು ತುಂಡಾಗಿ ತೆಗೆಯಬೇಕು. ಕಡಿದ ದಿಮ್ಮಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಿ ಮಣ್ಣು ತಡೆಯಬೇಕು, ಸ್ಥಳೀಯ ಹುಲ್ಲಿನ ಬುಡಗಳನ್ನು ಮಳೆಗಾಲದ ಆರಂಭದಲ್ಲೇ ನಾಟಿ ಮಾಡಬೇಕು. ಮಣ್ಣು ಹಸಿಯಿರುವಾಗ ವ್ಯಾಟಲ್ ಸಸಿಗಳನ್ನು ಬೇರುಸಹಿತ ಕೀಳಬೇಕು, ಅದೂ ವರ್ಷ ವರ್ಷ. ಹಣ ಮೊದಲ ವರ್ಷಕ್ಕಷ್ಟೇ ಮಂಜೂರಾದರೆ ಆ ಕೆಲಸ ಶುರು ಮಾಡದಿರುವುದೇ ಲೇಸು.

ಸುದ್ದಿ ಪೂರ್ತಿ ಕೆಟ್ಟದ್ದೇನಲ್ಲ. ತಮಿಳುನಾಡು 2022ರಲ್ಲಿ ಈ ಪ್ರಾಣಿಗಾಗಿಯೇ ಯೋಜನೆ ಘೋಷಿಸಿತು. ಅಲ್ಲಿನ ಎಣಿಕೆ 2024ರಲ್ಲಿ 1,031 ಇದ್ದದ್ದು 2025ರಲ್ಲಿ 1,303 ಆಯಿತು. ಕೇರಳದ 1,365 ಸೇರಿಸಿದರೆ ಒಟ್ಟು 2,668. ಒಂದು ವರ್ಷದ ಈ ಏರಿಕೆಯನ್ನು ಪೂರ್ತಿ ಮರಿಗಳ ಲೆಕ್ಕಕ್ಕೆ ಹಾಕುವಂತಿಲ್ಲ. ತಾಯಿ ಸಾಮಾನ್ಯವಾಗಿ ಈಯುವುದು ಒಂದೇ ಮರಿ. ಎಣಿಕೆಯ ದಿನ ಮಂಜು ಸರಿದಿದ್ದರೂ ಹೆಚ್ಚು ಪ್ರಾಣಿ ಕಣ್ಣಿಗೆ ಬೀಳುತ್ತವೆ. ಕೇರಳದ ಮುನ್ನಾರ್ ಬಳಿಯ ಎರವಿಕುಳಂ ರಾಷ್ಟ್ರೀಯ ಉದ್ಯಾನವನ್ನು ಫೆಬ್ರುವರಿ, ಮಾರ್ಚ್‌ನಲ್ಲಿ ಮುಚ್ಚುವುದು ತಾರ್ ಮರಿಗಳಿಗಾಗಿಯೇ. ಬೆಂಗಳೂರಿನಿಂದ ಹೋಗುವವರು ಇದನ್ನು ತಿಳಿದು ಹೊರಡಲಿ. ಉಳಿದ ತಿಂಗಳಲ್ಲೂ ರಸ್ತೆಬದಿಗೆ ಬರುವ ತಾರ್‌ಗೆ ತಿಂಡಿ ಕೊಡುವುದು ಬೇಡ.

ನಮ್ಮ ಅರಣ್ಯ ಇಲಾಖೆ ಎತ್ತರದ ಹುಲ್ಲುಗಾವಲುಗಳನ್ನು ನಕ್ಷೆಯಲ್ಲಿ ಗುರುತಿಸಿ, ಸಸಿ ನೆಡುವ ಗುರಿಯಿಂದ ಹೊರಗಿಡಬೇಕು. ಬೀಜದುಂಡೆ ಮಾಡಿಟ್ಟ ಶಾಲೆಗಳು ಅವನ್ನು ಊರಿನ ಕೆರೆ ದಂಡೆಗೋ ಹಳೆಯ ಕ್ವಾರಿಗೋ ಹಾಕಲಿ, ಅದೂ ಆಯಾ ಊರಿನ ಮರದ ಬೀಜವನ್ನೇ.

– ಓದುಗರು, ಚಿಕ್ಕಮಗಳೂರು